ಹೋರಿಗೆ ನಂಬರು, ಅಪ್ಪನಿಗೆ ಗುಟ್ಟು

"ಇದು ದೊಡ್ಡೋರ ಮನೆ ಸಮಸ್ಯೆ ಕಣಯ್ಯ. ಲಕ್ಷಗಟ್ಲೆ ಸುರಿದು ಬೆಂಗಳೂರು ಆಸ್ಪತ್ರೆಗೆ ಹೋಗೋರು ಬೇಕಾದ್ರೆ ತಲೆ ಕೆಡಿಸ್ಕೊಳ್ಲಿ. ವೀರ್ಯ ಕೊಟ್ಟೋನ ಹೆಸ್ರು ಹೇಳ್ಬೇಕೋ ಬ್ಯಾಡ್ವೋ ಅನ್ನೋದು ನಮ್ಮ ಹಟ್ಟಿಗೆ ಏನು ಸಂಬಂಧ?"

ಶೆಟ್ಟಿಕೆರೆಯಲ್ಲಿ ಟೀ ಕುಡಿಯುತ್ತಾ ಗೆಳೆಯನೊಬ್ಬ ಹೀಗೆ ಕೇಳಿದ. ರಾತ್ರಿಯೆಲ್ಲಾ ನನ್ನ ಜೊತೆ ಗೋಡೆಗಳಿಗೆ ಪೋಸ್ಟರ್ ಅಂಟಿಸಿದವನು, ಪೊಲೀಸರ ಏಟು ಹಂಚಿಕೊಂಡವನು. ಅವನಿಗೆ ಅಲ್ಲಿ ಉತ್ತರ ಕೊಡಲಿಲ್ಲ, ಬಸ್ಸು ಬಂತು. ಇಲ್ಲಿ ಕೊಡುತ್ತಿದ್ದೇನೆ.

ಸಂಬಂಧ ಇದೆ. ಹೆಸರಿಲ್ಲದ ಅಪ್ಪಂದಿರನ್ನು ಈ ನಾಡು ಮೊದಲು ಕಂಡದ್ದು ವೀರ್ಯ ಬ್ಯಾಂಕುಗಳಲ್ಲಲ್ಲ. ತೆಂಗಿನ ತೋಟಗಳಲ್ಲಿ, ಕಣಗಳಲ್ಲಿ, ಗುಡಿಯ ಹಿಂದಿನ ಕೋಣೆಗಳಲ್ಲಿ ಕಂಡಿದೆ. ಈ ಗುಟ್ಟು ಯಾರನ್ನು ಕಾಯುತ್ತೆ, ಅದರ ಬಾಡಿಗೆ ಯಾರು ಕಟ್ಟುತ್ತಾರೆ ಅನ್ನೋದನ್ನ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮೊದಲು ದನದ ಮಾತು ಹೇಳುತ್ತೇನೆ, ಆಮೇಲೆ ಜನದ್ದು. ನಮ್ಮ ಹಟ್ಟಿಯಲ್ಲಿ ಹಸು ಬೆದೆಗೆ ಬಂದರೆ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಒಂದು ಕ್ಯಾನು. ಮುಚ್ಚಳ ತೆಗೆದರೆ ಬುಸುಬುಸು ಹೊಗೆ. ಒಳಗೆ ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಅದರೊಳಗಿಂದ ಕಡ್ಡಿಯಷ್ಟು ಸಣ್ಣ ನಳಿಕೆ ಎತ್ತುತ್ತಾರೆ, ಕಾಲು ಎಂ.ಎಲ್. ಹಿಡಿಯುವಂಥದು. ಆ ಸಣ್ಣ ಕಡ್ಡಿಯ ಮೇಲೂ ಅಕ್ಷರ ಮುದ್ರಿಸಿರುತ್ತಾರೆ: ಹೋರಿಯ ನಂಬರು, ತಳಿ, ತೆಗೆದ ದಿನ. ಆ ಹೋರಿಯನ್ನು ಹೆತ್ತ ಹಸು ಎಷ್ಟು ಲೀಟರು ಹಾಲು ಕರೆಯುತ್ತಿತ್ತು ಅನ್ನುವುದು ಕೇಂದ್ರದ ಪುಸ್ತಕದಲ್ಲಿ ಇರುತ್ತೆ. ಇಲ್ಲೇ ತಿಪಟೂರಿನ ಪಕ್ಕ ಕೋನೇಹಳ್ಳಿಯಲ್ಲಿ ಅಮೃತಮಹಲ್ ರಾಸುಗಳ ತಳಿ ಕಾಯುತ್ತಾರೆ. ಯಾವ ಕರು ಯಾವ ಹೋರಿಯದು ಅಂತ ಬರೆದಿಡದೆ ತಳಿ ಕಾಯೋದು ಹೇಗೆ?

ತೆಂಗಿನದೂ ಅಷ್ಟೇ. 1932ರಲ್ಲಿ ನೀಲೇಶ್ವರದಲ್ಲಿ ತೆಂಗಿನ ಮೊದಲ ಮಿಶ್ರತಳಿ ಮಾಡಿದರು. ಹೊಂಬಾಳೆಯ ಗಂಡುಹೂ ತೆಗೆದು, ಚೀಲ ಕಟ್ಟಿ, ಗೊತ್ತಿರುವ ಮರದ ಪರಾಗ ತಂದು ಮುಟ್ಟಿಸುತ್ತಾರೆ. ಕೇರಸಂಕರ ಅಂದರೆ ತಾಯಿ ಪಶ್ಚಿಮ ಕರಾವಳಿಯ ಎತ್ತರದ ಮರ, ತಂದೆ ಚೌಘಾಟ್ ಕಿತ್ತಳೆ ಬಣ್ಣದ ಗಿಡ್ಡ ಮರ. ಚಂದ್ರಸಂಕರ ಅಂದರೆ ಅದರ ತಿರುಗಾಮುರುಗಾ. ನರ್ಸರಿಯ ಸಸಿಗೂ ಅಪ್ಪ ಅವ್ವ ಇಬ್ಬರೂ ಕಾಗದದ ಮೇಲೆ ಇದ್ದಾರೆ. "ನಾವು ಬಿತ್ತನೆ ಕಾಯಿಗೆ ತಾಯಿಮರ ಒಂದನ್ನೇ ನೋಡೋದು, ಅಪ್ಪನ್ನ ಯಾರು ಕೇಳ್ತಾರೆ" ಅಂತ ನಮ್ಮ ಕಡೆಯ ರೈತರು ಹೇಳುತ್ತಾರೆ. ನಿಜ. ಗಾಳಿ, ಜೇನು ತಂದ ಪರಾಗಕ್ಕೆ ಲೆಕ್ಕ ಇಟ್ಟವರಿಲ್ಲ. ಆದರೆ ಸ್ವಾಮಿ, ತೆಂಗಿನ ಸಸಿಯನ್ನು ಸ್ಕೂಲಿಗೆ ಸೇರಿಸುವಾಗ ಯಾರೂ ಅಪ್ಪನ ಹೆಸರು ಕೇಳೋದಿಲ್ಲ.

ನಮ್ಮವ್ವನಿಗೆ ಕೇಳಿದರು.

ಇದನ್ನು ಇಷ್ಟು ವರ್ಷ ಬರೆದಿಲ್ಲ. ಅವಳು ಬದುಕಿರೋವರೆಗೂ ಬರೆಯಬಾರದು ಅಂತಿತ್ತು. ನಮ್ಮವ್ವ ಹುಟ್ಟಿದ್ದು ಹಟ್ಟಿಯಲ್ಲಿ. ಅವಳ ಅಪ್ಪ ಇದ್ದದ್ದು ಊರೊಳಗೆ, ತೊಟ್ಟಿಮನೆಯಲ್ಲಿ. ನಮ್ಮಜ್ಜಿ ಹದಿನಾಲ್ಕನೇ ವಯಸ್ಸಿಗೇ ಆ ಮನೆಯ ತೋಟಕ್ಕೆ ಕೆಲಸಕ್ಕೆ ಹೋದವಳು. ಅವಳಪ್ಪ ಮಾಡಿದ್ದ ಸಾಲ, ಅದಕ್ಕೆ ಇವಳ ಜೀತ. ಕಾಯಿ ಹೊರೋದು, ಮಟ್ಟೆ ಕೊಳೆಹಾಕಿ ನಾರು ಬಡಿಯೋದು, ಸೋಗೆ ಹೆಣೆಯೋದು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳ ಒಪ್ಪಿಗೆ ಇತ್ತಾ ಅಂತ ಕೇಳೋರು ಜೀತ ಅಂದರೇನು ಅಂತ ಮೊದಲು ತಿಳಿದುಕೊಂಡು ಬರಲಿ.

ಇಡೀ ಊರಿಗೆ ಗೊತ್ತಿತ್ತು. ಅವ್ವನ ಕಿವಿ ಆ ಮನೆಯವರ ಕಿವಿ, ಹಾಲೆ ಕೆನ್ನೆಗೆ ಅಂಟಿಕೊಂಡಂಥ ಕಿವಿ. ಸಂತೆಯಲ್ಲಿ ಊರ ಹೆಂಗಸರು ಅವಳ ಕಿವಿ ನೋಡಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರಂತೆ. ಗೊತ್ತಿಲ್ಲದೆ ಇದ್ದದ್ದು ಕಾಗದಕ್ಕೆ ಮಾತ್ರ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ತಂದೆ ಹೆಸರು ಕೇಳಿದರು. ಅಜ್ಜಿ ನೆಲ ನೋಡಿದಳು. ಮೇಷ್ಟ್ರೂ ಆ ಊರಿನವರೇ. "ನಿಮ್ಮಣ್ಣನ ಹೆಸ್ರು ಹೇಳು, ಬರ್ಕೊತೀನಿ" ಅಂದರು. ಹೀಗೆ ಅವ್ವನಿಗೆ ಅವಳ ಸೋದರಮಾವನೇ ಅಪ್ಪನಾದ. ಮೇಷ್ಟ್ರು ಕೆಟ್ಟವರಲ್ಲ, ಮಗು ಓದಲಿ ಅಂತಲೇ ಬರೆದುಕೊಂಡರು. ಆದರೆ ಆ ಪೆನ್ನು ಕಾಪಾಡಿದ್ದು ಯಾರನ್ನ?

ಆ ಯಜಮಾನ ಸತ್ತಾಗ ಅದೇ ಸೋದರಮಾವ ಹಲಗೆ ಬಡಿದ. ಸಾವಿನ ಸುದ್ದಿ ಮುಟ್ಟಿಸೋಕೆ ಸುತ್ತಲ ಹಳ್ಳಿಯೆಲ್ಲಾ ತಿರುಗಿದ. ಅವ್ವ ಹೆಣ ನೋಡಿದ್ದು ಬೇಲಿಯಾಚೆಯಿಂದ. ಆಗ ಅವಳಿಗೆ ಹದಿನೇಳು. "ಅಳು ಬಂತಾ ಅವ್ವ?" ಅಂತ ಒಂದು ಸಲ ಕೇಳಿದ್ದೆ. "ಯಾವ ಲೆಕ್ಕದಾಗೆ ಅಳ್ಲಿ ಕಣ್ಮಗ? ಕೂಲಿ ಲೆಕ್ಕದಾಗೆ ಅಳೋರು ಆಗ್ಲೇ ಬೇಜಾನ್ ಇದ್ರು" ಅಂದಳು. ಆಮೇಲೂ ನಲವತ್ತು ವರ್ಷ ಅದೇ ತೋಟದಲ್ಲಿ ಕೂಲಿಗೆ ಹೋದಳು.

ಅದು ದಾನವಲ್ಲ, ಜುಲುಮೆ. ಆಸ್ಪತ್ರೆಗೆ ಬಂದು, ರಕ್ತ ಪರೀಕ್ಷೆ ಮಾಡಿಸಿಕೊಂಡು, ಒಪ್ಪಿಗೆಗೆ ಸಹಿ ಹಾಕಿ ವೀರ್ಯ ಕೊಟ್ಟು ಹೋಗುವ ಹುಡುಗನನ್ನು ನಾನು ಆ ಯಜಮಾನನ ಪಕ್ಕ ನಿಲ್ಲಿಸುತ್ತಿಲ್ಲ. ಪಕ್ಕಪಕ್ಕ ಇಟ್ಟು ನೋಡುತ್ತಿರುವುದು ಗುಟ್ಟುಗಳನ್ನು. ಗಂಡಸರು ಬೇರೆ ಬೇರೆ. ಗುಟ್ಟಿನ ಕೆಳಗೆ ಬೆಳೆಯುವ ಮಗು ಬೇರೆಯಲ್ಲ.

ಈಗ ಕಾನೂನಿಗೆ ಬರೋಣ. 2021ರಲ್ಲಿ ಪಾರ್ಲಿಮೆಂಟು ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ ಮಾಡಿತು. ವೀರ್ಯ ಕೊಡುವ ಗಂಡಸಿಗೆ 21ರಿಂದ 55 ವರ್ಷ. ಅಂಡಾಣು ಕೊಡುವ ಹೆಂಗಸಿಗೆ 23ರಿಂದ 35, ಅದೂ ಜೀವಮಾನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಮಾರಾಟ ಮಾಡುವಂತಿಲ್ಲ. ಒಬ್ಬ ದಾನಿಯದನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಇದು ಒಳ್ಳೆಯದೇ, ನೆದರ್ಲೆಂಡ್ಸಿನಲ್ಲಿ ಐನೂರೈವತ್ತಕ್ಕೂ ಹೆಚ್ಚು ಮಕ್ಕಳಿಗೆ ಕಾರಣನಾದ ಒಬ್ಬ ದಾನಿಯನ್ನು 2023ರಲ್ಲಿ ಕೋರ್ಟೇ ತಡೆಯಬೇಕಾಯಿತು. ಹುಟ್ಟಿದ ಮಗು ಆ ದಂಪತಿಯ ಸ್ವಂತ ಮಗು ಅಂತಲೇ ಲೆಕ್ಕ, ದಾನಿಗೆ ಯಾವ ಹಕ್ಕೂ ಇಲ್ಲ. ಇದನ್ನೂ ಒಪ್ಪುತ್ತೇನೆ. ಸಾಕಿದವನೇ ಅಪ್ಪ.

ಗುಟ್ಟಿನ ಕಲಮು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ದಾನಿಯ ವಿವರ ಗೋಪ್ಯ. ಚಿಕಿತ್ಸೆಯ ಸಂಗತಿ ಹೊರಬರುವುದಕ್ಕೆ ಮೂರೇ ದಾರಿ: ಸರ್ಕಾರದ ರಾಷ್ಟ್ರೀಯ ನೋಂದಣಿಗೆ, ವೈದ್ಯಕೀಯ ತುರ್ತಿನಲ್ಲಿ ದಂಪತಿ ಕೇಳಿಕೊಂಡರೆ, ಇಲ್ಲವೇ ಕೋರ್ಟು ಆದೇಶ ಮಾಡಿದರೆ. ಮತ್ತೊಂದು ಸಲ ಓದಿ. ಸರ್ಕಾರ ಇದೆ, ದಂಪತಿ ಇದ್ದಾರೆ, ಕೋರ್ಟು ಇದೆ. ಮಗು ಎಲ್ಲಿದೆ? ಯಾರ ಮೈಯಲ್ಲಿ ಆ ರಕ್ತ ಹರಿಯುತ್ತಿದೆಯೋ ಅವರ ಹೆಸರಿನಲ್ಲಿ ಒಂದು ಬಾಗಿಲೂ ಇಲ್ಲ. ಆಸ್ಪತ್ರೆ, ಬ್ಯಾಂಕುಗಳು ಕಡತವನ್ನು ಹತ್ತು ವರ್ಷ ಇಟ್ಟು, ಆಮೇಲೆ ನೋಂದಣಿಗೆ ಕಳಿಸಬೇಕಂತೆ. ಮಗು ನಾಲ್ಕನೇ ಕ್ಲಾಸು ಮುಗಿಸುವ ಹೊತ್ತಿಗೆ ಅದರ ಅರ್ಧ ಚರಿತ್ರೆ ದೆಹಲಿಯ ಕಂಪ್ಯೂಟರಿನೊಳಗೆ ಕೂತಿರುತ್ತೆ. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿದ್ದ ಮಾರ್ಗಸೂಚಿಯಲ್ಲಾದರೂ ಹದಿನೆಂಟು ತುಂಬಿದ ಮಗು ಹೆಸರು ವಿಳಾಸ ಬಿಟ್ಟು ಉಳಿದ ವಿವರ ಕೇಳಬಹುದು ಅಂತಿತ್ತು. ಅದು ಬರೀ ಮಾರ್ಗಸೂಚಿ, ಬಲವಿಲ್ಲದ ಕಾಗದ. ಆದರೂ ಅದರಲ್ಲಿ ಮಗು ಅಂತ ಒಂದು ಜೀವ ಇತ್ತು. ಕಾಯ್ದೆ ಆಗುವ ಹೊತ್ತಿಗೆ ಆ ಜೀವವೇ ಮಾಯ.

ಇನ್ನು ನಮ್ಮ ರಾಜ್ಯದ ಕತೆ ಕೇಳಿ. ಮುತ್ತು ಕಟ್ಟಿಸಿಕೊಂಡ ನಮ್ಮ ಹೆಣ್ಣುಮಕ್ಕಳು ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳಲ್ಲಿ ಹೆತ್ತ ಮಕ್ಕಳಿಗೂ ಅಪ್ಪನ ಹೆಸರಿನ ಕಾಲಂ ಒಂದು ಮುಳ್ಳುಬೇಲಿ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು, ಮಕ್ಕಳ ಕಡೆ ತಿರುಗಿ ನೋಡಲಿಲ್ಲ. ಆ ತಾಯಂದಿರೂ ಮಕ್ಕಳೂ ವರ್ಷಗಟ್ಟಲೆ ಬೀದಿಗಿಳಿದು ಕೂಗಿದ ಮೇಲೆ, 2025ರಲ್ಲಿ ನಮ್ಮ ವಿಧಾನಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ದೇವದಾಸಿಯ ಮಗು ಯಾವ ಅರ್ಜಿಯಲ್ಲೂ ಅಪ್ಪನ ಹೆಸರು ಬರೆಯಲೇಬೇಕು ಅಂತಿಲ್ಲ. ಬೇಕು ಅಂದರೆ ಅಪ್ಪ ಯಾರು ಅಂತ ಗುರುತಿಸಿಕೊಡಿ ಅಂತ ಕೇಳಬಹುದು. ಬೇಡ ಅನ್ನುವ ಹಕ್ಕು, ಬೇಕು ಅನ್ನುವ ಹಕ್ಕು, ಎರಡೂ ಮಗುವಿನ ಕೈಗೆ. ಇದನ್ನು ಬರೆಸಿದ್ದು ಯಾವ ತಜ್ಞರ ಸಮಿತಿಯೂ ಅಲ್ಲ, ಕೊರಳಲ್ಲಿ ಮುತ್ತು ಹೊತ್ತ ಹೆಂಗಸರು.

ಅಂದರೆ ಒಂದೇ ದೇಶದಲ್ಲಿ ಎರಡು ನ್ಯಾಯ. ಹಟ್ಟಿಯ ಮಗು ಹೋರಾಡಿ ಪಡೆದದ್ದನ್ನು ಆಸ್ಪತ್ರೆಯ ಮಗುವಿಗೆ ಕೊಡೋಕೆ ಆಗೋದಿಲ್ಲವಂತೆ. ಗೆಳೆಯಾ, ಒಂದು ಸಲ ನಾವು ದೊಡ್ಡೋರ ಮನೆಯ ಮಕ್ಕಳಿಗಿಂತ ಮುಂದೆ ಇದ್ದೇವೆ. ಹಿಂದೆ ತಿರುಗಿ ಅವರ ಕೈ ಹಿಡಿಯಬಾರದಾ?

ಹೆಸರು ಬೇಡ ಅನ್ನೋರು ಏನು ಬೇಕು ಅಂತಾರೆ ಅನ್ನೋದನ್ನೂ ನೋಡಿ. ನಮ್ಮ ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಇಂಥ ಕಡೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಹಬ್ಬಕ್ಕೆ ಬಂದಾಗ ಹೇಳಿದ: "ಅಣ್ಣ, ಬಂದೋರು ಕಾಯಿಲೆ ಕಸಾಲೆ ಆಮೇಲೆ ಕೇಳ್ತಾರೆ. ಮೊದ್ಲು ಕೇಳೋದು, ನಮ್ಮೋರ್ದೇ ಇದ್ಯಾ ಅಂತ." ಹೆಸರು ಬೇಡ, ಮುಖ ಬೇಡ, ಊರು ಬೇಡ, ಜಾತಿ ಮಾತ್ರ ಬೇಕು! ವೀರ್ಯಾಣುವಿಗೆ ಬಾಲ ಇದೆ ಸ್ವಾಮಿ, ಜನಿವಾರ ಇಲ್ಲ, ಕರಡಿಗೆ ಇಲ್ಲ. ಜಾತಿ ಕಾಣುವ ಸೂಕ್ಷ್ಮದರ್ಶಕ ಇನ್ನೂ ಯಾವ ಕಂಪನಿಯೂ ತಯಾರು ಮಾಡಿಲ್ಲ. ತಯಾರು ಮಾಡಿದ ದಿನ ಮೊದಲ ಆರ್ಡರು ಈ ದೇಶದಿಂದಲೇ ಹೋಗುತ್ತೆ. ಆ ಹುಡುಗನನ್ನು ನಾನು ಕೇಳಿದೆ, ನಮ್ಮ ಹಟ್ಟಿ ಹುಡುಗ ಹೋಗಿ ಕೊಟ್ಟರೆ? ಅವನು ನಕ್ಕು ಸುಮ್ಮನಾದ. ಈ ಗುಟ್ಟು ಕಾಯುತ್ತಿರುವುದು ದಾನಿಯ ಮಾನವನ್ನಲ್ಲ. ಮಗು ಬೆಳೆದು, ಹುಡುಕಿಕೊಂಡು ಹೋಗಿ, ನಮ್ಮ ಹಟ್ಟಿಯ ಬಾಗಿಲು ತಟ್ಟಿಬಿಟ್ಟರೆ ಏನು ಗತಿ ಅನ್ನುವ ನಡುಕವನ್ನು.

ಪುರಾಣದವರು ಈ ವಿಷಯದಲ್ಲಿ ಇವರಿಗಿಂತ ನಿಯತ್ತಿನವರು. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತ. ವ್ಯಾಸನನ್ನು ಕರೆಸಿದರು. ಹೆಸರು ಮುಚ್ಚಿಡಲಿಲ್ಲ, ಓದಿದ ಪ್ರತಿಯೊಬ್ಬನಿಗೂ ಗೊತ್ತು. ಆದರೆ ನೋಡಿ, ಒಬ್ಬನೇ ದಾನಿ, ಮೂರು ಬಸಿರು. ರಾಣಿಯರು ಹೆತ್ತ ಕುರುಡನೂ ರಾಜನಾದ, ಬಿಳಿಚಿಕೊಂಡವನೂ ರಾಜನಾದ. ದಾಸಿ ಹೆತ್ತ ವಿದುರನಿಗೆ ಮೈಯಲ್ಲಿ ಐಬಿಲ್ಲ, ಬುದ್ಧಿಯಲ್ಲಿ ಐಬಿಲ್ಲ. ಅವನಿಗೆ ಸಿಕ್ಕಿದ್ದು ಅಣ್ಣಂದಿರಿಗೆ ನೀತಿ ಹೇಳುವ ಕೆಲಸ. ಅವರು ಕೇಳಲೂ ಇಲ್ಲ ಬಿಡಿ. ಉಪನಿಷತ್ತಿನ ಸತ್ಯಕಾಮನ ತಾಯಿ ಜಬಾಲೆ ಇನ್ನೂ ದೊಡ್ಡವಳು. ನಿನ್ನ ಗೋತ್ರ ಯಾವುದೋ ನನಗೆ ಗೊತ್ತಿಲ್ಲ ಮಗನೇ, ನಾಲ್ಕು ಮನೆ ಚಾಕರಿ ಮಾಡುವಾಗ ಹುಟ್ಟಿದವನು, ನನ್ನ ಹೆಸರು ಹೇಳಿಕೋ ಅಂದಳು. ಗುರು ಏನಂದ? ಇಷ್ಟು ನಿಜ ಹೇಳೋನು ಬ್ರಾಹ್ಮಣನೇ ಇರಬೇಕು ಅಂದ! ನಿಜ ಹೇಳಿದ್ದು ಕೆಲಸದ ಹೆಂಗಸು, ಕೀರ್ತಿ ಹೋದದ್ದು ಕಾಣದ ಅಪ್ಪನ ಜಾತಿಗೆ.

ಹೆಂಗಸಿನ ಮಾತು ಬಂತು. ಮಗುವಾಗದಿದ್ದರೆ ನಮ್ಮ ಸೀಮೆಯಲ್ಲಿ ಬಂಜೆ ಅನ್ನುವುದು ಹೆಂಡತಿಯನ್ನೇ. ಸೀಮಂತಕ್ಕೆ ಕರೆಯೋದಿಲ್ಲ, ತೊಟ್ಟಿಲು ಮುಟ್ಟಿಸೋದಿಲ್ಲ, ಅರಳಿಕಟ್ಟೆ ಸುತ್ತಿ ಸುತ್ತಿ ಅವಳ ಕಾಲು ಸವೆಯುತ್ತೆ. ಗಂಡನನ್ನು ಪರೀಕ್ಷೆ ಮಾಡಿಸು ಅಂದರೆ ಆಕಾಶ ಕಳಚಿ ಬೀಳುತ್ತೆ. ಕೊನೆಗೆ ಗುಟ್ಟಾಗಿ ಬೇರೆಯವನ ವೀರ್ಯ ಬಳಸಿದರೂ, ಮಗು ಹುಟ್ಟಿದ ಮೇಲೆ ಗಂಡನ ಮೀಸೆ ತಿರುವುದಕ್ಕೆ ಅಡ್ಡಿಯಿಲ್ಲ. ಹತ್ತು ವರ್ಷ ಬಂಜೆ ಅನ್ನಿಸಿಕೊಂಡದ್ದು ಸುಳ್ಳು ಅಂತ ಅವಳು ಯಾರಿಗೂ ಹೇಳುವಂತಿಲ್ಲ. ಈ ವಿದ್ಯೆ ಶುರುವಾದದ್ದೇ ಹಾಗೆ. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪ್ಯಾಂಕೋಸ್ಟ್ ಅನ್ನುವ ಡಾಕ್ಟರು ಒಬ್ಬ ಹೆಂಗಸಿಗೆ ಕ್ಲೋರೋಫಾರಂ ಕೊಟ್ಟು, ಎಚ್ಚರ ತಪ್ಪಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯ ಒಳಗೆ ಬಿಟ್ಟ. ಕೊರತೆ ಇದ್ದದ್ದು ಗಂಡನಲ್ಲಿ. ಆಮೇಲೆ ಗಂಡನಿಗೆ ಹೇಳಿದರು. ಹೆತ್ತವಳಿಗೆ ಹೇಳಲಿಲ್ಲ. ವಿಷಯ ಪತ್ರಿಕೆಯಲ್ಲಿ ಬಂದದ್ದು 1909ರಲ್ಲಿ. ಓದಿದಾಗ ನನಗೆ ನಮ್ಮಜ್ಜಿ ನೆನಪಾದಳು. ನಮ್ಮ ತೋಟಗಳಲ್ಲಿ ಕ್ಲೋರೋಫಾರಂ ಖರ್ಚೂ ಇರಲಿಲ್ಲ.

ಗುಟ್ಟು ತೆಗೆದರೆ ಕೊಡೋರೇ ಇಲ್ಲವಾಗುತ್ತಾರೆ ಅಂತ ಡಾಕ್ಟರುಗಳು ಹೆದರಿಸುತ್ತಾರೆ. ಸ್ವೀಡನ್ 1984ರಲ್ಲೇ ಕಾನೂನು ಮಾಡಿ ಗುಟ್ಟು ತೆಗೆಯಿತು. ಬ್ರಿಟನ್ 2005ರಲ್ಲಿ ತೆಗೆಯಿತು. ಆಮೇಲೆ ಕೊಟ್ಟ ವೀರ್ಯದಿಂದ ಹುಟ್ಟಿದವರಲ್ಲಿ ಮೊದಲಿನವರಿಗೆ 2023ರಲ್ಲಿ ಹದಿನೆಂಟಾಗಿ, ಹೆಸರು ಕೇಳುವ ಹಕ್ಕು ಬಂತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2017ರಿಂದ ಹಳೆಯ ಗುಟ್ಟುಗಳನ್ನೂ ಬಿಚ್ಚಿತು. ಕೊರತೆ ಬಿದ್ದದ್ದುಂಟು, ಬ್ರಿಟನ್ನಿನವರು ಡೆನ್ಮಾರ್ಕಿನಿಂದ ತರಿಸಿಕೊಂಡದ್ದೂ ಉಂಟು. ನಿಂತುಹೋಗಲಿಲ್ಲ. ಬಂದವರು ಮಾತ್ರ ಮುಂದೊಂದು ದಿನ ಮಗು ಎದುರು ನಿಂತರೆ ಮುಖ ಕೊಡಬಲ್ಲವರು.

ಇನ್ನು, ಗುಟ್ಟು ಗುಟ್ಟಾಗಿ ಉಳಿಯುತ್ತೆ ಅಂತ ಯಾರು ಹೇಳಿದರು? ಅಮೆರಿಕದ ಇಂಡಿಯಾನಾಪೊಲಿಸಿನ ಡೊನಾಲ್ಡ್ ಕ್ಲೈನ್ ಅನ್ನುವ ಡಾಕ್ಟರು ಹಿಂದೆ ತನ್ನ ಬಳಿ ಬಂದ ಹೆಂಗಸರಿಗೆ ಹೇಳದೆ ಕೇಳದೆ ತನ್ನದೇ ವೀರ್ಯ ಬಳಸಿದ್ದ. ಬೆಳೆದ ಮಕ್ಕಳು ಉಗುಳು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡಾಗ ಒಬ್ಬರಿಗೊಬ್ಬರು ಅಣ್ಣ ತಂಗಿ ಅಂತ ಬಯಲಾಯಿತು. ತೊಂಬತ್ತಕ್ಕೂ ಹೆಚ್ಚು ಮಕ್ಕಳು. ಬೀಗ ಹಾಕಿದ ಕಡತ ಇಷ್ಟು ವರ್ಷ ಕಾದದ್ದು ಯಾವ ಸಭ್ಯನನ್ನ ಅಂತ ಗೊತ್ತಾಯಿತಲ್ಲ.

ಗೆಳೆಯ ಹೇಳಿದ ಇನ್ನೊಂದು ಮಾತು ಮಾತ್ರ ನನ್ನನ್ನು ನಿಜವಾಗಿ ಕುಟುಕಿತು. "ಅಪ್ಪನ ರಕ್ತ, ಅಪ್ಪನ ಬೀಜ ಅಂತ ಹುಡುಕ್ಕಂಡು ಹೋಗೋದು ಮನುವಿನ ಬುದ್ಧಿ ಅಲ್ವೇನಯ್ಯ? ಹೆಣ್ಣು ಹೊಲ, ಗಂಡು ಬೀಜ, ಬೀಜವೇ ದೊಡ್ಡದು ಅಂದೋನು ಅವನೇ ತಾನೆ? ನಾವೂ ಗೋತ್ರ ಹುಡುಕೋದಾ?" ಅಂದ. ಮೂರು ದಿನ ಈ ಮಾತನ್ನು ತಲೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ಅವನು ಹೇಳಿದ್ದರಲ್ಲಿ ಅರ್ಧ ನಿಜ. ಬೀಜದ ಹಮ್ಮು ನಮಗೆ ಬೇಡ. ಆ ತೊಟ್ಟಿಮನೆಯ ರಕ್ತ ನನ್ನಲ್ಲಿದೆ ಅಂತ ನಾನು ಬೀಗಿದರೆ ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಆದರೆ ಮನುವಿನ ಲೋಕದಲ್ಲಿ ಬೀಜದ ಲೆಕ್ಕ ಇಡುವವನು ಬೀಜದವನೇ. ತನಗೆ ಬೇಕಾದಾಗ ವಂಶ ಅನ್ನುತ್ತಾನೆ, ಬೇಡವಾದಾಗ ಮರೆವು ಅನ್ನುತ್ತಾನೆ. ನಾನು ಕೇಳುತ್ತಿರುವುದು ಆ ಲೆಕ್ಕದ ಪುಸ್ತಕ ಮಗುವಿನ ಕೈಗೆ ಬರಲಿ ಅಂತ. ಓದುವುದೂ ಅದರ ಇಷ್ಟ, ಒಲೆಗೆ ಹಾಕುವುದೂ ಅದರ ಇಷ್ಟ. ನಮ್ಮವ್ವನಿಗೆ ಆಸ್ತಿ ಬೇಕಿರಲಿಲ್ಲ. ನೀನು ಯಾರು ಅಂತ ಅವನನ್ನು ಎದುರು ನಿಲ್ಲಿಸಿ ಕೇಳುವ ಒಂದು ದಿನ ಬೇಕಿತ್ತು. ಗೋತ್ರ ಹುಡುಕೋದು ಅಂದರೆ ಇದಾ?

ಆದ್ದರಿಂದ ಕಾಯ್ದೆಗೆ ಒಂದು ಕಲಮು ಸೇರಲಿ. ಹದಿನೆಂಟು ತುಂಬಿದ ಮಗು ಕೇಳಿದರೆ ದಾನಿಯ ಹೆಸರು ಕೊಡಬೇಕು, ಅದು ಕೇಳದಿದ್ದರೆ ಯಾರಿ​ಗೂ ಕೊಡಕೂಡದು. ಕೊಡುವವನಿಗೆ ಕೊಡುವ ದಿನವೇ ಇದನ್ನು ತಿಳಿಸಿ ಸಹಿ ಹಾಕಿಸಿಕೊಳ್ಳಿ. ಅವನ ಮೇಲೆ ಆಸ್ತಿಯ ಹಕ್ಕು, ಅನ್ನದ ಹೊಣೆ ಯಾವುದೂ ಬೀಳದು ಅಂತ ಕಾಯ್ದೆ ಬಿಡಿಸಿ ಹೇಳಲಿ. ಅಂಡಾಣು ಕೊಟ್ಟ ಹೆಂಗಸಿಗೂ ಇದೇ ನ್ಯಾಯ ಇರಲಿ. ಸೂಜಿ ಚುಚ್ಚಿಸಿಕೊಳ್ಳೋಕೆ ಹೋಗುವವರು ಬಹುಪಾಲು ಬಡವರ ಮನೆಯವರೇ, ಅವರ ಹೆಸರು ಅವರನ್ನು ಹಣಿಯುವ ಕೋಲಾಗಬಾರದು. ಜಾತಿ ಕೇಳಿದ ಬ್ಯಾಂಕಿನ ಬಾಗಿಲು ಅವತ್ತೇ ಮುಚ್ಚಿಸಿ. ಬರೆಯೋಕೆ ಬೇಕಾದರೆ ಮಾದರಿ ಇಲ್ಲೇ ಇದೆ, ದೇವದಾಸಿ ತಾಯಂದಿರು ಬರೆಸಿದ್ದು.

ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಮರಣ ನೋಂದಣಿಗೆ ಹೋಗಿದ್ದೆ. ಫಾರಮ್ಮಿನಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಅಜ್ಜಿಯ ಹೆಸರು ಬರೆದೆ. ಕೆಳಗೆ ತಂದೆಯ ಹೆಸರು. ಪೆನ್ನು ನಿಂತುಬಿಟ್ಟಿತು. "ಸ್ಕೂಲ್ ಸರ್ಟಿಫಿಕೇಟಲ್ಲಿ ಏನೈತೋ ಅದ್ನೇ ಬರೀರಿ" ಅಂದ ಗುಮಾಸ್ತ. ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ತೊಟ್ಟಿಮನೆಯ ಮೊಮ್ಮಗ, ಕೈಯಲ್ಲಿ ತೋಟದ ಖಾತೆಯ ಅರ್ಜಿ. ಹಾಲೆ ಕೆನ್ನೆಗೆ ಅಂಟಿಕೊಂಡಂಥ ಕಿವಿ. ನನ್ನ ಕೈಯಲ್ಲಿದ್ದ ಫಾರಂ ಕಡೆ ನೋಡಿದ, ಖಾಲಿ ಬಿಟ್ಟಿದ್ದ ಜಾಗವನ್ನೂ ನೋಡಿದ.

"ಆದ್ಮೇಲೆ ಪೆನ್ ಒಂಚೂರು ಕೊಡಣ್ಣ" ಅಂದ.

ಹಲಗೆ ಬಡಿದ ಸೋದರಮಾವನ ಹೆಸರು ಬರೆದು, ಪೆನ್ನು ಅವನ ಕೈಗೆ ಕೊಟ್ಟೆ.